ನಾನೂರ ಹನ್ನೆರಡು ಜನರ ಮನೆ

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಚೀಟಿ ಕಿಟಕಿಯ ಹಿಂದೆ ಕೂತು, ಬಂದವರ ಹೆಸರು, ವಯಸ್ಸು, ವಿಳಾಸ ಕೇಳಿ ಕೇಳಿ ಬರೆದವಳನ್ನು ಊರೆಲ್ಲ ಚೀಟಿಯಮ್ಮ ಎಂದೇ ಕರೆಯುತ್ತಿತ್ತು. ನಿವೃತ್ತಿಯಾದ ಮೇಲೂ ಬಾಯಿಗೆ ಅಂಟಿದ್ದ ಅಭ್ಯಾಸ ಬಿಡಲಿಲ್ಲ. ನಲ್ಲಿ ರಿಪೇರಿಯವನು ಬಂದರೆ ಬಾಗಿಲಲ್ಲೇ ನಿಲ್ಲಿಸಿ "ಹೆಸರು? ವಯಸ್ಸು?" ಅಂದುಬಿಡುತ್ತಿದ್ದಳು. ಅವನು ಪಾಪ, "ಮೂವತ್ತೆರಡು ಅಮ್ಮ. ಯಾಕೆ, ಹೆಣ್ಣು ಕೊಡ್ತೀರಾ?" ಅಂತ ನಾಚಿಕೊಂಡಿದ್ದ.

ಯಜಮಾನರು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಅವರೂ ಮನೆಯಲ್ಲೇ. ಬೆಳಗಿನ ಪೇಪರನ್ನು ಕೆಂಪು ಪೆನ್ನು ಹಿಡಿದು ತಿದ್ದುವುದು ಅವರ ಈಗಿನ ಉದ್ಯೋಗ. ಇಬ್ಬರು ನಿವೃತ್ತರಿಗೆ ಆ ಮನೆ ಸ್ವಲ್ಪ ಇಕ್ಕಟ್ಟಾಗಿತ್ತು ಅನ್ನಬೇಕು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುತ್ತಿತ್ತು.

ಅಂಥದ್ದರಲ್ಲಿ ತಂಗಿಯ ಮಗಳು ರಜೆಗೆ ಬಂದಳು. ಹೊರದೇಶಗಳಲ್ಲಿ ದಿಕ್ಕಿಲ್ಲದವರಿಗೆ ಚಿಕಿತ್ಸೆ ಕೊಡುವ ಒಂದು ಸೇವಾ ಸಂಸ್ಥೆಯಲ್ಲಿ ಅವಳು ಡಾಕ್ಟರು. ಸಂಸ್ಥೆಯ ಮುಖ್ಯ ಕಚೇರಿ ಇದೇ ಊರಲ್ಲಿತ್ತು, ಅವಳ ದವಾಖಾನೆ ಮಾತ್ರ ಎರಡು ವಿಮಾನ ಬದಲಿಸಿ ಹೋಗುವಷ್ಟು ದೂರ.

"ದೊಡ್ಡಮ್ಮ, ನಮಗೊಬ್ಬರು ಚೀಟಿ ಬರೆಯೋರು ಬೇಕು. ನಾಲ್ಕು ತಿಂಗಳು ಅಷ್ಟೆ. ಬರ್ತೀಯಾ?"

"ಅಲ್ಲಿನ ಭಾಷೆ ನನಗೆ ಎಲ್ಲಿ ಬರುತ್ತೆ ಕಣೇ?"

"ಅದಕ್ಕೆ ನಮ್ಮ ಡ್ರೈವರ್ ಇದ್ದಾನೆ. ನಮ್ಮ ಭಾಷೇನೂ ಬರುತ್ತೆ ಅವನಿಗೆ. ಒಂಥರಾ ಬರುತ್ತೆ."

ಯಜಮಾನರು ಪೇಪರು ಕೆಳಗಿಳಿಸದೆಯೇ ಕೇಳಿದರು. "ನಾಲ್ಕೇ ತಿಂಗಳಾ?"

"ರೀ, ನನ್ನ ಸಾಗಹಾಕೋಕೆ ಇಷ್ಟು ಆತುರಾನಾ?"

"ಹಾಗಲ್ಲ ಮಾರಾಯ್ತಿ, ವಿಚಾರಿಸಿದೆ ಅಷ್ಟೆ" ಎಂದು ಅವರು ಇನ್ನೊಂದು ತಪ್ಪಿಗೆ ಗುಂಡು ಸುತ್ತಿದರು.

ಆ ಒಂದು ಪ್ರಶ್ನೆಯ ಸಿಟ್ಟಿಗೇ ಚೀಟಿಯಮ್ಮ ಹೊರಟುಬಿಟ್ಟಳು ಅಂತ ಆಮೇಲೆ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ದವಾಖಾನೆ ನೋಡಿ ಅವಳಿಗೆ ಖುಷಿಯೋ ಖುಷಿ. ಮುಚ್ಚಿಹೋದ ಯಾವುದೋ ಬಸ್ ಕಂಪನಿಯ ಟಿಕೆಟ್ ಕಚೇರಿ ಅದು. ಹಿತ್ತಾಳೆ ಸರಳಿನ ಕಿಟಕಿ, ಗಾಜಿನಲ್ಲಿ ಕೈ ತೂರುವಷ್ಟು ಅರ್ಧಚಂದ್ರದ ಕಿಂಡಿ, ಸಾವಿರಾರು ಮೊಣಕೈ ಉಜ್ಜಿ ನುಣುಪಾದ ಮರದ ಹಲಗೆ. ಹಿಂದಿದ್ದ ಪಾರ್ಸೆಲ್ ಕೋಣೆಯಲ್ಲಿ ಡಾಕ್ಟರು ರೋಗಿಗಳನ್ನು ನೋಡುವ ಮಂಚ. ಸಾಮಾನು ತೂಗುತ್ತಿದ್ದ ದೊಡ್ಡ ತಕ್ಕಡಿಯ ಮೇಲೆ ಈಗ ಜನರನ್ನು ನಿಲ್ಲಿಸಿ ತೂಕ ನೋಡುತ್ತಿದ್ದರು. ಗೋಡೆಯ ಮೇಲೆ ಬಸ್ಸುಗಳ ಹೊತ್ತು ಬರೆದ ಹಲಗೆ ಇನ್ನೂ ಇತ್ತು. ಕುರ್ಚಿಯಲ್ಲಿ ಕೂತು, ಕಿಂಡಿಯ ಮುಂದೆ ಪೆನ್ನಿಟ್ಟುಕೊಂಡಾಗ ಚೀಟಿಯಮ್ಮನಿಗೆ ತವರಿಗೆ ಬಂದಂತಾಯಿತು.

ಡ್ರೈವರನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಹಡಗಿನಲ್ಲಿದ್ದದ್ದು ನಿಜ, ಆದರೆ ಇಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸಿಕೊಂಡು. ಹನ್ನೆರಡು ವರ್ಷ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ನಮ್ಮವನೊಬ್ಬನಿಂದ ಭಾಷೆ ಕಲಿತಿದ್ದ. ಹಡಗಿನ ತಳದಲ್ಲಿ ಗೌರವದ ಮಾತಿಗೇನು ಕೆಲಸ? ಬಹುವಚನ ಅನ್ನುವುದೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಹೆಂಗಸರೂ ಇಲ್ಲದ್ದರಿಂದ ಅವನ ಬಾಯಲ್ಲಿ ಹೆಂಗಸರೆಲ್ಲ ಗಂಡಸರಾಗಿಬಿಡುತ್ತಿದ್ದರು.

"ಬಾರೋ ಅಮ್ಮ, ಕೂತ್ಕೋ" ಎಂದು ಅವನು ಮೊದಲ ದಿನ ಸ್ವಾಗತಿಸಿದಾಗ ಚೀಟಿಯಮ್ಮ ಕಣ್ಣು ಕೆಂಪು ಮಾಡಿದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುಮ್ನಿರು ದೊಡ್ಡಮ್ಮ, ನನ್ನನ್ನ 'ಏನೋ ಡಾಕ್ಟರ್' ಅಂತಾನೆ."

ಇನ್ನೊಬ್ಬ ಸಂಯೋಜಕ. ನಮ್ಮ ಊರಿನವನೇ, ಸಣಕಲು ಹುಡುಗ, ಬಲು ಪ್ರಾಮಾಣಿಕ. ಎಲ್ಲವನ್ನೂ ಅಂಕಣ ಎಳೆದು ತುಂಬಿದರೇ ಅವನಿಗೆ ಉಂಡ ಅನ್ನ ಜೀರ್ಣವಾಗುತ್ತಿದ್ದದ್ದು. ಕಿಟಕಿಯ ಕಂಪ್ಯೂಟರಿನಲ್ಲಿ ಹನ್ನೆರಡು ಪ್ರಶ್ನೆಗಳ ಫಾರಂ ಇಟ್ಟಿದ್ದ. "ಅಮ್ಮ, ಒಂದು ಮನೆ ಖಾಲಿ ಬಿಟ್ರೂ ಮುಂದಿನ ಪುಟ ತೆರೆಯಲ್ಲ. ವಿಳಾಸ ಅಂತೂ ಪೂರ್ತಿ ಬೇಕು, ಪಿನ್ ನಂಬರ್ ಸಮೇತ."

"ನನಗೆ ಹೇಳ್ಕೊಡ್ತೀಯೇನಪ್ಪಾ ವಿಳಾಸ ಬರೆಯೋದನ್ನ?" ಎಂದು ಚೀಟಿಯಮ್ಮ ಸೆರಗು ಸಿಕ್ಕಿಸಿಕೊಂಡಳು.

ಸಿಕ್ಕಿಸಿಕೊಂಡದ್ದೇ ಬಂತು. ಜನವೇ ಇಲ್ಲ. ಮೊದಲ ದಿನ ಒಂಬತ್ತು ಮಂದಿ, ಮಾರನೆಯ ದಿನ ಆರು. ರಸ್ತೆಯ ಕೊನೆಯಲ್ಲಿ ದೊಡ್ಡ ಕೊಳಚೆ ಕಾಲುವೆ, ಅದರಾಚೆ ತಗಡು, ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳು ಕಣ್ಣಿಗೆ ಕಾಣುವಷ್ಟು ದೂರವೂ ಇದ್ದವು. ಬೇರೆ ಬೇರೆ ಕಡೆಯಿಂದ ಓಡಿಬಂದ ಸಾವಿರಾರು ಜನ ಅಲ್ಲಿದ್ದರು. ದವಾಖಾನೆ ತೆರೆದದ್ದೇ ಅವರಿಗಾಗಿ. ಆದರೆ ಬರುತ್ತಿದ್ದವರು ಈಚೆ ಕಡೆಯ ಅಂಗಡಿಯವರು, ಅದೂ ತಲೆನೋವಿನ ಮಾತ್ರೆಗೆ.

"ಅವರಿಗೆ ತಿಳಿವಳಿಕೆ ಸಾಲದು" ಎಂದು ಸಂಯೋಜಕ ಬಣ್ಣಬಣ್ಣದ ಪೋಸ್ಟರು ಹಚ್ಚಿಸಿದ. "ಸೂಜಿ ಅಂದ್ರೆ ಭಯ ಇರ್ಬೇಕು" ಎಂದಳು ಡಾಕ್ಟರು. ಸಾಲೇ ಇಲ್ಲದ ಕಿಟಕಿಯಲ್ಲಿ ನೊಣ ಹೊಡೆಯುತ್ತಾ ಕೂರುವುದು ಚೀಟಿಯಮ್ಮನ ಮಾನಕ್ಕೆ ಬಂದಿತ್ತು. ಕೂತಲ್ಲಿಂದಲೇ ರಸ್ತೆ ನೋಡತೊಡಗಿದಳು.

ಎದುರಿಗೆ ಟೈರಿಗೆ ತೇಪೆ ಹಾಕುವ ಅಂಗಡಿ. ಅದರ ಮೂಲೆಯವರೆಗೆ ಜನ ಬರುತ್ತಿದ್ದರು. ಮಗುವನ್ನು ಬಗಲಿಗೆ ಹಾಕಿಕೊಂಡವರು, ಕುಂಟುವವರು, ಕೆಮ್ಮುವವರು. ಅಲ್ಲಿ ನಿಂತು ಕಿಟಕಿಯತ್ತ ಇಣುಕಿ, ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ತಿರುಗಿಬಿಡುತ್ತಿದ್ದರು. ಚೀಟಿಯಮ್ಮ ಹಾಳೆಯ ಬೆನ್ನಿಗೆ ಒಂದೊಂದೇ ಗೀಟು ಹಾಕುತ್ತಾ ಹೋದಳು. ಒಂದು ಮಧ್ಯಾಹ್ನಕ್ಕೆ ನಲವತ್ತಮೂರು ಗೀಟು.

"ಏ ಸಂಯೋಜಕಪ್ಪ, ಇವರಿಗೆ ದವಾಖಾನೆ ಇರೋದು ಗೊತ್ತು. ಬರೋಕೆ ಕಾಲೂ ಇದೆ. ಇಷ್ಟು ಹತ್ರ ಬಂದು ವಾಪಸ್ ಹೋಗ್ತಾರೆ ಅಂದ್ರೆ ನಮ್ಮಲ್ಲೇ ಏನೋ ಐಬಿದೆ."

ಐದನೆಯ ದಿನ ಒಬ್ಬಳು ಕಿಟಕಿಯವರೆಗೂ ಬಂದಳು. ಮೂವತ್ತರ ಆಸುಪಾಸು, ಬಲಗೈಗೆ ಬಟ್ಟೆ ಸುತ್ತಿದ್ದಳು, ಬಟ್ಟೆ ಹಳದಿ ತಿರುಗಿತ್ತು. ಕ್ಯಾಪ್ಟನ್ ಪಕ್ಕದಲ್ಲಿ ನಿಂತು ಅನುವಾದಿಸಿದ. ಹೆಸರಿನಂತೆ ಏನೋ ಒಂದು ಹೇಳಿದಳು, ವಯಸ್ಸಿನಂತೆ ಏನೋ ಒಂದು ಹೇಳಿದಳು. "ವಿಳಾಸ?" ಎಂದಳು ಚೀಟಿಯಮ್ಮ. ಕ್ಯಾಪ್ಟನ್ ಕೇಳಿದ. ಆ ಹೆಂಗಸಿನ ಮುಖ ಬಾಗಿಲು ಮುಚ್ಚಿದಂತೆ ಮುಚ್ಚಿಕೊಂಡಿತು. ಒಂದು ಕ್ಷಣ ಕಿಂಡಿಯೊಳಗಿನ ಪೆನ್ನನ್ನೇ ನೋಡಿದವಳು ಸರಕ್ಕನೆ ತಿರುಗಿ ಹೊರಟೇಬಿಟ್ಟಳು.

"ಏಯ್, ನಿಲ್ಲಮ್ಮಾ! ಕೈ ತೋರಿಸ್ಕೊಂಡು ಹೋಗೇ!"

ಮೂವತ್ತೊಂದು ವರ್ಷದಲ್ಲಿ ಕಿಟಕಿ ಬಿಟ್ಟು ರೋಗಿಯ ಹಿಂದೆ ಹೋದವಳಲ್ಲ ಚೀಟಿಯಮ್ಮ. ಅವತ್ತು ಹೋದಳು. ಒಂದು ಚಪ್ಪಲಿಯ ಬಾರು ಕಿತ್ತಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದಳು. ಚಪ್ಪಲಿ ಹಿಡಿದು ಓಡಿಬರುವ ಹೆಂಗಸನ್ನು ಕಂಡು ಮುಂದಿನವಳು ಇನ್ನಷ್ಟು ಜೋರಾಗಿ ಓಡಿದಳು. ಹಿಂದಿನಿಂದ ಕ್ಯಾಪ್ಟನ್ "ನಿಲ್ಲೋ ಅಮ್ಮ! ನಿನಗೆ ಬಿಪಿ ಇದೆಯೋ!" ಎಂದು ಏದುಸಿರು ಬಿಡುತ್ತಾ ಬಂದ. ಟೈರು ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು.

ಕಾಲುವೆಗೆ ಅಡ್ಡ ಹಾಕಿದ ಎರಡು ಹಲಗೆ ದಾಟಿದರೆ ಬಾಟಲಿ ತೊಳೆಯುವ ಅಂಗಳ. ಹಸಿರು, ಕಂದು, ಬಿಳಿ ಬಾಟಲಿಗಳ ಗುಡ್ಡಗಳು. ಸಿಮೆಂಟು ತೊಟ್ಟಿಗಳ ಸುತ್ತ ಹತ್ತಿಪ್ಪತ್ತು ಹೆಂಗಸರು ಮೊಣಕಾಲವರೆಗೂ ನೀರಿನಲ್ಲಿ ನಿಂತು ಬಾಟಲಿಗೆ ಅಂಟಿದ ಚೀಟಿ ಕೆರೆಯುತ್ತಿದ್ದರು. ಒಬ್ಬರ ಕೈಯಲ್ಲೂ ಗ್ಲೌಸಿಲ್ಲ. ಎಲ್ಲರ ಬೆರಳೂ ನೆನೆದು ಬಿಳಿಚಿ, ಅಲ್ಲಲ್ಲಿ ಗಾಜು ಗೀರಿದ ಗಾಯ. ಓಡಿಬಂದವಳು ಒಂದು ಗುಡ್ಡದ ಹಿಂದೆ ಕೂತಿದ್ದಳು. ಇನ್ನು ಓಡಲು ಅವಳಿಗೂ ಆಗುತ್ತಿರಲಿಲ್ಲ, ಚೀಟಿಯಮ್ಮನಿಗೂ ಆಗುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕೂತು ಸುಧಾರಿಸಿಕೊಂಡರು.

"ಕೇಳು ಕ್ಯಾಪ್ಟನ್, ಯಾಕೆ ಓಡಿದ್ಲು?"

ಅವರಿಬ್ಬರು ಬಹಳ ಹೊತ್ತು ಮಾತಾಡಿಕೊಂಡರು. ಆಮೇಲೆ ಕ್ಯಾಪ್ಟನ್ ತಲೆ ಕೆರೆದುಕೊಂಡ. "ಇವನು ಹೇಳ್ತಾನೆ..."

"ಇವಳು ಅನ್ನೋ."

"ಇವಳು ಹೇಳ್ತಾನೆ, ಮೊದಲು ಊರಿನ ಆ ಕಡೆ ಇದ್ದ. ಎರಡು ವರ್ಷ ಹಿಂದೆ ಪುಸ್ತಕ ಹಿಡ್ಕೊಂಡು ನಾಲ್ಕು ಜನ ಬಂದ. ನಗ್ತಾ ಬಂದ. ನಿನಗೆ ಒಳ್ಳೇದು ಆಗುತ್ತೆ, ಎಲ್ಲಿರ್ತೀಯ ಹೇಳು ಅಂದ. ಎಲ್ಲರೂ ಹೇಳಿದ. ಒಂಬತ್ತನೇ ದಿನ ಮಿಷನ್ ಬಂತು. ಎಲ್ಲಾ ಮನೆ ಒಡೆದುಹಾಕಿತು. ಪಾತ್ರೆ ತೆಗೆಯೋಕೂ ಬಿಡಲಿಲ್ಲ. ಈಗ ಯಾರಾದರೂ ಪೆನ್ನು ಹಿಡ್ಕೊಂಡು ಎಲ್ಲಿರ್ತೀಯ ಅಂದ್ರೆ ಕಾಲು ತಾನೇ ಓಡುತ್ತೆ ಅಂತಾನೆ. ಕೈ ಹೋದರೆ ಒಂದು ಕೈ ಹೋಗುತ್ತೆ. ವಿಳಾಸ ಕೊಟ್ಟರೆ ಎಲ್ಲರ ಮನೆ ಹೋಗುತ್ತೆ."

ದೊಡ್ಡಾಸ್ಪತ್ರೆಯ ತನ್ನ ಕಿಟಕಿಯಲ್ಲೂ ವಿಳಾಸ ಕೇಳಿದ ಕೂಡಲೇ ತಡವರಿಸುತ್ತಿದ್ದವರು ಇದ್ದರಲ್ಲ ಎಂದು ಚೀಟಿಯಮ್ಮನಿಗೆ ನೆನಪಾಯಿತು. "ಎಲ್ಲಿರ್ತೀಯ ಅನ್ನೋದೂ ಗೊತ್ತಿಲ್ವಾ? ಆಕಾಶದಿಂದ ಉದುರಿದ್ಯಾ?" ಎಂದು ಅವರನ್ನು ಗದರಿಸಿದವಳು ಅವಳೇ. ಸೇತುವೆ ಕೆಲಸದ ಕೂಲಿಯವನೊಬ್ಬ, ಜ್ವರದಲ್ಲಿ ನಡುಗುತ್ತಿದ್ದವನು, "ವಿಳಾಸ ಕೇಳ್ಕೊಂಡು ಬರ್ತೀನಿ ಅಮ್ಮ" ಎಂದು ಸಾಲಿನಿಂದ ಹೊರಟವನು ಮತ್ತೆ ಬರಲೇ ಇಲ್ಲ. ಅವತ್ತು ಅವಳು "ಮುಂದಿನವರು ಬನ್ನಿ" ಅಂದಿದ್ದಳು, ಅಷ್ಟೆ. ಅವನು ಏನಾದನೋ. ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ.

ಬಟ್ಟೆ ಬಿಚ್ಚಿಸಿ ನೋಡಿದಳು. ಅಂಗೈ ಬನ್ನಿನಂತೆ ಊದಿತ್ತು, ಮಣಿಕಟ್ಟಿನಿಂದ ಮೊಣಕೈ ಕಡೆಗೆ ಕೆಂಪು ಗೆರೆಯೊಂದು ಹತ್ತುತ್ತಿತ್ತು. ಡಾಕ್ಟರಲ್ಲದಿದ್ದರೂ ಆ ಗೆರೆಯ ಅರ್ಥ ಅವಳಿಗೆ ಗೊತ್ತಿತ್ತು.

"ಕ್ಯಾಪ್ಟನ್, ನೀನು ಇಲ್ಲೇ ಇವಳನ್ನ ಕಾಯ್ತಾ ಕೂತಿರು. ಬಿಟ್ಟೆ ಅಂದ್ರೆ ನೋಡು."

ಅರ್ಧ ಗಂಟೆಯಲ್ಲಿ ಡಾಕ್ಟರನ್ನು ಬ್ಯಾಗಿನ ಸಮೇತ ಹಲಗೆ ದಾಟಿಸಿ ತಂದಳು. ಬಾಟಲಿ ಕ್ರೇಟು ಬೋರಲು ಹಾಕಿ, ಅದರ ಮೇಲೆ ಕೈ ಇಡಿಸಿ, ಮರಗಟ್ಟಿಸುವ ಸೂಜಿ ಚುಚ್ಚಿ, ಡಾಕ್ಟರು ಗಾಯ ಕೊಯ್ದಳು. ಕೀವಿನ ಜೊತೆ ಉಗುರಿನಷ್ಟು ಹಸಿರು ಗಾಜು ಹೊರಬಂತು. ಸುತ್ತ ನಿಂತ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

"ಇನ್ನೆರಡು ದಿನ ಬಿಟ್ಟಿದ್ರೆ ಕೈ ಅಲ್ಲ, ಜೀವಕ್ಕೇ ಬರ್ತಿತ್ತು" ಎಂದಳು ಡಾಕ್ಟರು. "ನಾಳೆ ಕಟ್ಟು ಬದಲಾಯಿಸ್ಬೇಕು, ದವಾಖಾನೆಗೆ ಬರ್ಲೇಬೇಕು ಅನ್ನು."

"ಬರ್ತಾಳೆ. ಎಲ್ಲಿರ್ತೀಯ ಅಂತ ಯಾರೂ ಕೇಳಲ್ಲ ಅಂತ ಹೇಳೋ ಕ್ಯಾಪ್ಟನ್" ಎಂದಳು ಚೀಟಿಯಮ್ಮ. "ಎಲ್ಲರಿಗೂ ಕೇಳೋ ಹಾಗೆ ಹೇಳು."

ಸಂಜೆ ಸಂಯೋಜಕನಿಗೆ ವಿಷಯ ಹೇಳಿದರೆ ಅವನು ಮುಖ ಸಣ್ಣದು ಮಾಡಿದ. "ಪಾಪ ಅನ್ಸುತ್ತೆ ಅಮ್ಮ. ಆದ್ರೆ ನಾನೇನ್ಮಾಡ್ಲಿ? ಫಾರಂ ಮುಖ್ಯ ಕಚೇರೀದು. ಆ ಮನೆ ತುಂಬದೆ ಪುಟ ತೆರೆಯಲ್ಲ, ಪುಟ ತೆರೆಯದೆ ಔಷಧಿ ಕೊಡೋ ಹಾಗಿಲ್ಲ. ಬದಲಾಯಿಸಿ ಅಂತ ಬರೀತೀನಿ. ಉತ್ತರ ಬರೋಕೆ ಮೂರು ತಿಂಗಳಾದ್ರೂ ಆಗುತ್ತೆ."

"ಆ ಮನೇಲಿ ಏನಾದ್ರೂ ಒಂದು ವಿಳಾಸ ಇದ್ರೆ ಸಾಕು ತಾನೆ?"

"ಸಾಕು" ಎಂದ ಅವನು, ಯಾವುದೋ ಅಂಕಣ ತುಂಬುತ್ತಾ.

ಮಾರನೆಯ ದಿನ ಬಾಟಲಿ ಅಂಗಳದಿಂದ ಹದಿನೆಂಟು ಮಂದಿ ಬಂದರು. ಚೀಟಿಯಮ್ಮ ಹೆಸರು ಕೇಳಿದಳು, ವಯಸ್ಸು ಕೇಳಿದಳು, ಆಮೇಲೆ ಬಾಯಿ ಮುಚ್ಚಿಕೊಂಡು ವಿಳಾಸದ ಮನೆಯಲ್ಲಿ ತನಗೆ ಚೆನ್ನಾಗಿ ಗೊತ್ತಿದ್ದ ವಿಳಾಸ ಬರೆದಳು. ತನ್ನ ಮನೆಯದೇ. ಮನೆ ನಂಬರು, ಅಡ್ಡರಸ್ತೆ, ಪಿನ್ ಸಮೇತ. ಪುಟ ಸಲೀಸಾಗಿ ತೆರೆದುಕೊಂಡಿತು. ಅದರ ಮಾರನೆಯ ದಿನ ಮೂವತ್ತು, ವಾರ ಕಳೆಯುವಷ್ಟರಲ್ಲಿ ದಿನಕ್ಕೆ ನಲವತ್ತು. ಬಸುರಿಯರು ಬಂದರು, ಕೆಮ್ಮುವ ಮುದುಕರು ಬಂದರು, ಚುಚ್ಚುಮದ್ದೇ ಕಾಣದ ಮಕ್ಕಳು ಬಂದವು. ಬಗ್ಗಿದ ತಲೆ ಎತ್ತಲು ಡಾಕ್ಟರಿಗೆ ಪುರುಸೊತ್ತಿಲ್ಲ. "ನನ್ನ ಪೋಸ್ಟರ್ ಕೆಲಸ ಮಾಡ್ತು ನೋಡಿ" ಎಂದು ಸಂಯೋಜಕ ಹಿಗ್ಗಿದ. ಚೀಟಿಯಮ್ಮ "ಹೌದಪ್ಪಾ" ಅಂದಳು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಯಜಮಾನರ ಫೋನು ಬಂತು.

"ಲೇ, ಮನೆ ಮುಂದೆ ಜೀಪ್ ಬಂದು ನಿಂತಿದೆ ಕಣೇ. ಮುಖಕ್ಕೆ ಮಾಸ್ಕು ಹಾಕ್ಕೊಂಡು ಮೂರು ಜನ ಇಳಿದಿದ್ದಾರೆ."

"ಯಾರಂತೆ?"

"ನಿನ್ನ ಸಂಸ್ಥೆಯ ಮುಖ್ಯ ಕಚೇರಿಯವರೇ. 'ಸಾರ್, ಈ ಮನೇಲಿ ಎಷ್ಟು ಜನ ಇದ್ದೀರಿ?' ಅಂದ್ರು. ನಾನೊಬ್ಬನೇ ಅಂದೆ. 'ಮಿಕ್ಕ ನಾನೂರ ಹನ್ನೊಂದು ಜನ ಎಲ್ಲಿ?' ಅಂತಾರೆ."

ಚೀಟಿಯಮ್ಮ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು.

"ನಾನೂರ ಹನ್ನೆರಡು ಜನಕ್ಕೆ ಒಂದೇ ಮನೇಲಿ ಕಾಯಿಲೆಯಂತೆ, ಕೆಲವರಿಗೆ ಕೈ ಕೊಳೀತಿದೆ, ಇಪ್ಪತ್ತಾರು ಜನ ಬಸುರಿಯರಂತೆ. ಅವರ ಕಂಪ್ಯೂಟರ್ ಕೆಂಪು ದೀಪ ಹಾಕಿತಂತೆ. ಏನೋ ದೊಡ್ಡ ರೋಗ ಹರಡಿದೆ ಅಂತ ಓಡಿ ಬಂದಿದ್ದಾರೆ. ಬಚ್ಚಲುಮನೆವರೆಗೂ ಇಣುಕಿ ನೋಡಿದ್ರು. ಲೇ, ಏನು ಮಾಡಿದ್ದೀಯ ಅಲ್ಲಿ?"

"ರೀ, ಅವರಿಗೆ ಮೊದಲು ಕೂರೋಕೆ ಹೇಳಿ."

"ಕೂತಿದ್ದಾರೆ. ಟೀ ಮಾಡಿಕೊಟ್ಟೆ. ಒಬ್ಬನ ವರದಿಯಲ್ಲಿ ನಾಲ್ಕು ಕಾಗುಣಿತದ ತಪ್ಪಿತ್ತು, ತಿದ್ದಿಕೊಟ್ಟಿದ್ದೀನಿ."

ವಿಷಯ ಬಯಲಾದ ಮೇಲೆ ಸಂಯೋಜಕ ಬಾಲ ಸುಟ್ಟ ಬೆಕ್ಕಿನಂತೆ ಕೋಣೆಯಿಂದ ಕೋಣೆಗೆ ಓಡಾಡಿದ. ಡಾಕ್ಟರಿಗೆ ಬೇರೆಯದೇ ಸಿಟ್ಟು. "ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ದೊಡ್ಡಮ್ಮ?"

"ಹೇಳಿದ್ರೆ ಸುಳ್ಳಲ್ಲಿ ನಿನಗೂ ಪಾಲು ಬರ್ತಿತ್ತು. ನಿನ್ನ ಸರ್ವೀಸ್ ಇನ್ನೂ ಇದೆ. ನನ್ನದೇನು, ಮುಗಿದಿದೆ" ಎಂದಳು ಚೀಟಿಯಮ್ಮ. ಬಾಯಲ್ಲಿ ಹೀಗಂದರೂ ಅವಳಿಗೆ ಒಂದು ಭಯವಿತ್ತು. ವಾಪಸು ಕಳಿಸಿದರೆ ಕಳಿಸಲಿ, ಆದರೆ ಕಿಟಕಿಯಲ್ಲಿ ಮತ್ತೆ ಯಾರಾದರೂ ಆ ಪ್ರಶ್ನೆ ಕೇಳಿದರೆ ಇಷ್ಟು ಜನವೂ ಒಂದೇ ದಿನದಲ್ಲಿ ಮಾಯವಾಗುತ್ತಾರಲ್ಲ.

ಮಧ್ಯಾಹ್ನ ಮುಖ್ಯ ಕಚೇರಿಯ ಮೇಡಂ ಕಂಪ್ಯೂಟರಿನ ತೆರೆಯ ಮೇಲೆ ಬಂದರು. ಬೆಳ್ಳಿಕೂದಲು, ಗಡುಸು ದನಿ.

"ಸುಳ್ಳು ವಿಳಾಸ ಬರೆದಿದ್ದು ನೀವೇನಾ?"

"ಸುಳ್ಳಲ್ಲ ಮೇಡಂ, ವಿಳಾಸ ನಿಜಾನೇ. ಅಲ್ಲಿ ಅವರಿಲ್ಲ ಅಷ್ಟೆ." ಡಾಕ್ಟರು ತುಟಿ ಕಚ್ಚಿ ನಗು ತಡೆದುಕೊಂಡಳು. ಚೀಟಿಯಮ್ಮ ಮಾತ್ರ ನಗಲಿಲ್ಲ. ಬಾಟಲಿ ಅಂಗಳದ ಹೆಂಗಸು ಹೇಳಿದ್ದನ್ನೆಲ್ಲ, ಪುಸ್ತಕ ಹಿಡಿದು ಬಂದವರನ್ನು, ಒಂಬತ್ತನೆಯ ದಿನ ಬಂದ ಮಿಷನ್ನನ್ನು, ಒಂದೂ ಬಿಡದೆ ಹೇಳಿದಳು. ತನ್ನ ಕಿಟಕಿಯಿಂದ ಹೊರಟುಹೋದ ಸೇತುವೆ ಕೂಲಿಯವನ ವಿಷಯವನ್ನೂ ಹೇಳಿದಳು. "ನಾನು ಮಾಡಿದ್ದು ತಪ್ಪೇ ಮೇಡಂ. ಶಿಕ್ಷೆ ಕೊಡಿ. ಆ ಒಂದು ಪ್ರಶ್ನೆ ಮಾತ್ರ ತೆಗೆಸಿ."

ಮೇಡಂ ಸಂಯೋಜಕನ ಕಡೆ ತಿರುಗಿದರು. "ನೀವೇನಂತೀರಿ?"

ಅವನ ಬೆವರು ಕಾಲರಿಗೆ ಇಳಿದಿತ್ತು. ತನ್ನ ಕೋಷ್ಟಕ ತೆರೆದು ಬಹಳ ಹೊತ್ತು ನೋಡಿದ. "ಮೇಡಂ, ಪೋಸ್ಟರ್ ಹಚ್ಚಿದ ಮೇಲೆ ಬಂದವರು ದಿನಕ್ಕೆ ಆರು ಜನ. ವಿಳಾಸ ಕೇಳೋದು ನಿಲ್ಲಿಸಿದ ಮೇಲೆ ನಲವತ್ತು. ಕಾಲುವೆ ಆಚೆಯಿಂದ ಮೊದಲು ಬಂದವರು..." ಇಲ್ಲಿ ಅವನ ದನಿ ಇಳಿಯಿತು. "ಸೊನ್ನೆ. ಒಬ್ಬರೂ ಇಲ್ಲ ಮೇಡಂ. ಈ ಅಂಕಣ ನಾನು ಮೊದಲೇ ನೋಡ್ಬೇಕಿತ್ತು."

ಪ್ರಾಮಾಣಿಕ ಹುಡುಗ ಅಂತ ಸುಮ್ಮನೆ ಹೇಳಲಿಲ್ಲ.

ಮೇಡಂ ಮತ್ತೆ ಚೀಟಿಯಮ್ಮನ ಕಡೆ ತಿರುಗಿದರು. "ಅಮ್ಮ, ನಿಮಗೆ ಲಿಖಿತ ಎಚ್ಚರಿಕೆ ಕೊಡ್ತೀನಿ. ಅದು ನಿಯಮ. ವಿಳಾಸದ ಮನೇನ ಇವತ್ತೇ ತೆಗೆಸ್ತೀನಿ. ಹೆಸರು ಹೇಳೋಕೆ ಇಷ್ಟ ಇಲ್ಲದವರಿಗೆ ನಂಬರ್ ಕಾರ್ಡ್ ಕೊಡಿ, ಸಾಕು. ಹಾಗೇ, ನಿಮ್ಮ ಯಜಮಾನರು ನಮ್ಮ ವಾರ್ಷಿಕ ವರದಿ ತಿದ್ದಿಕೊಡ್ತಾರಾ ಅಂತ ಕೇಳಿ. ನಮ್ಮವರು ಕೇಳೋಕೆ ಹೆದರ್ತಿದ್ದಾರೆ."

ಎಚ್ಚರಿಕೆ ಪತ್ರವನ್ನು ಚೀಟಿಯಮ್ಮ ಎರಡು ಸಲ ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲನೆಯದು. ಸ್ವಲ್ಪ ನೋವಾಯಿತು, ಆಗಲಿಲ್ಲ ಅಂದರೆ ಸುಳ್ಳು.

ಆಮೇಲೆ ಕೆಲಸ ಏರುತ್ತಲೇ ಹೋಯಿತು. ಬಾಟಲಿ ಅಂಗಳದವರಿಗೆ ಹಗಲು ರಜೆ ಸಿಗುವುದಿಲ್ಲವೆಂದು ಡಾಕ್ಟರು ವಾರಕ್ಕೆ ಎರಡು ದಿನ ಬ್ಯಾಗು ಹೊತ್ತು ಹಲಗೆ ದಾಟಿ ಹೋಗತೊಡಗಿದಳು. ಸಂಯೋಜಕ ಆರು ಕಾಗದ ಬರೆದು, ಏಳನೆಯ ಸಲ ತಾನೇ ಹೋಗಿ ಕೂತು, ಅಂಗಳದ ಮಾಲೀಕನಿಂದ ರಬ್ಬರ್ ಗ್ಲೌಸು ಕೊಡಿಸಿದ. ಮಾಲೀಕ ಕೊಟ್ಟದ್ದು ಎಲ್ಲವೂ ಒಂದೇ ಅಳತೆಯವು, ದೊಡ್ಡವು. ಅದಕ್ಕಿನ್ನೂ ಜಗಳ ನಡೆಯುತ್ತಿದೆ.

ಗಾಜು ಹೊಕ್ಕ ಹೆಂಗಸಿನ ಕಟ್ಟು ಒಂದು ಮಂಗಳವಾರ ಬಿಚ್ಚಿದರು. ಗಾಯ ಮಾದಿತ್ತು. ಉಂಗುರದ ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ, ಅದು ಹಾಗೇ ಉಳಿಯುತ್ತದೆಂದು ಡಾಕ್ಟರು ಮುಚ್ಚಿಡದೆ ಹೇಳಿದಳು. ಮೇಜಿನ ಮೇಲೆ ಒಂದು ಹಿಡಿ ಒಣ ಬಟಾಣಿ ಸುರಿದು, ಒಂದೊಂದೇ ಹೆಕ್ಕಲು ಹೇಳಿದಳು. ಹೆಂಗಸು ಹಲ್ಲು ಕಚ್ಚಿ ಹೆಕ್ಕಿದಳು. ಮೊದಲೆರಡು ಜಾರಿ ತಕ್ಕಡಿಯ ಕೆಳಗೆ ಉರುಳಿದವು. ಮೂರನೆಯದು ಬಟ್ಟಲಿಗೆ ಬಿತ್ತು, ಆಮೇಲೆ ನಾಲ್ಕು, ಐದು.

"ಭೇಷ್ ಕಣೋ!" ಎಂದ ಕ್ಯಾಪ್ಟನ್.

"ಕಣೇ" ಎಂದು ಚೀಟಿಯಮ್ಮ ತಿದ್ದಿದಳು.

ಹೆಂಗಸಿಗೆ ಯಾವುದೂ ಅರ್ಥವಾಗಲಿಲ್ಲ, ಆದರೂ ನಕ್ಕಳು. ಬಟಾಣಿ ಪೂರ್ತಿ ಮುಗಿಯುವವರೆಗೂ ಎದ್ದೇಳಲಿಲ್ಲ. ಮುಗಿದ ಮೇಲೆ ಚೀಟಿಯಮ್ಮನ ಕೆನ್ನೆಯನ್ನು ಆ ಬಿಗಿದ ಬೆರಳಿನಿಂದ ಒಮ್ಮೆ ಮುಟ್ಟಿ, ಪಾಳಿಗೆ ತಡವಾಯಿತೆಂದು ದಡದಡನೆ ಹೊರಟಳು. "ಕೈ ಒಣಗಿಸ್ಕೋ ಅನ್ನೋ ಅವಳಿಗೆ, ದಿನಾ ಒಣಗಿಸ್ಕೋಬೇಕು!" ಎಂದು ಡಾಕ್ಟರು ಕೂಗುವಷ್ಟರಲ್ಲಿ ಅವಳು ಟೈರು ಅಂಗಡಿ ದಾಟಿ ಕಾಲುವೆಯ ಹಲಗೆಯ ಮೇಲಿದ್ದಳು.